ಕಾಲು ಬಿಚ್ಚಿಡುವ ಹೊತ್ತು

ನನ್ನ ಎಡಗಾಲು ನನಗೆ ಮೂರು ವರ್ಷವಾಗಿದ್ದಾಗ ಒಂದು ಜ್ವರದಲ್ಲಿ ಬಿದ್ದುಹೋಯಿತು. ಡಾಕ್ಟರು ಅದನ್ನು ಪೋಲಿಯೋ ಅಂದರು, ಅಜ್ಜಿ ಗಾಳಿ ಸೋಕಿದ್ದು ಅಂದರು. ಹೆಸರು ಯಾವುದಾದರೇನು, ಹನ್ನೊಂದು ವರ್ಷದವರೆಗೆ ನಾನು ಹುಣಸಮಾರನಹಳ್ಳಿಯ ನಮ್ಮ ಮನೆಯೊಳಗೆ ಕೈಯೂರಿ ತೆವಳಿಕೊಂಡೇ ಬೆಳೆದೆ. ಹೊರಗೆ ಹೋಗಬೇಕಾದರೆ ಅಪ್ಪನ ಸೊಂಟ. ಅಷ್ಟು ದೊಡ್ಡ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುವ ಅಪ್ಪನನ್ನು ಊರಿನವರು ನೋಡುತ್ತಿದ್ದ ರೀತಿ ನನಗೆ ಚೆನ್ನಾಗಿ ನೆನಪಿದೆ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಪ್ಪನ ಮೇಲೂ ಸ್ವಲ್ಪ ಸಿಟ್ಟಿತ್ತು, ಯಾಕೆಂದರೆ ಅವರು ಒಂದು ದಿನವೂ ದಣಿವಾಯಿತು ಅನ್ನಲಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಯಲಹಂಕದ ಸಂತೆಯಲ್ಲಿ ಯಾರೋ ಅಪ್ಪನಿಗೆ ಹೇಳಿದರಂತೆ, ರಾಜಾನುಕುಂಟೆಗೆ ಹೋಗುವ ರಸ್ತೆಯ ಪಕ್ಕ ಮಿಷನ್ನಿನವರ ಒಂದು ಮಾವಿನ ತೋಪಿದೆ, ಪ್ರತಿ ಬೇಸಿಗೆಯಲ್ಲೂ ಕೈಕಾಲು ಸರಿಯಿಲ್ಲದವರನ್ನು ಅಲ್ಲಿ ಸೇರಿಸಿ ಹದಿನೈದು ದಿನ ಶಿಬಿರ ಮಾಡುತ್ತಾರೆ, ನಡೆಯುವುದನ್ನು ಕಲಿಸುತ್ತಾರೆ ಅಂತ. ಅಜ್ಜಿ ಒಪ್ಪಲಿಲ್ಲ. ಕಾಲು ಕೊಡುತ್ತೇವೆ ಅಂತ ಕರೆದುಕೊಂಡು ಹೋಗಿ ಜಾತಿ ಕೆಡಿಸುತ್ತಾರೆ ಅನ್ನುವುದು ಅವರ ವಾದ. ಜಾತಿ ಇಟ್ಟುಕೊಂಡು ಇವಳು ಇಲ್ಲಿಯವರೆಗೆ ಎಷ್ಟು ದೂರ ನಡೆದಿದ್ದಾಳೆ ಅಂತ ಅಪ್ಪ ಕೇಳಿದರು. ಅಜ್ಜಿ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ನನ್ನನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ, ಹಣೆಗೆ ವಿಭೂತಿಯನ್ನು ಒತ್ತಿ ಒತ್ತಿ ಇಟ್ಟು ಕಳಿಸಿದರು.

ತೋಪಿನ ನಡುವೆ ಕೆಂಪು ಹೆಂಚಿನ ಒಂದು ಉದ್ದನೆಯ ಕಟ್ಟಡ. ಅದರ ಮುಂದೆ ಅಷ್ಟೇ ಉದ್ದದ ವರಾಂಡ, ವರಾಂಡದ ಕೊನೆಗೆ ಅಡುಗೆಮನೆ, ಅಡುಗೆಮನೆಯ ಹಿಂದೆ ಬಾವಿ. ಗೇಟಿನ ಹತ್ತಿರ ಗಂಟೆ ಕಟ್ಟಿದ ಸಣ್ಣ ಪ್ರಾರ್ಥನಾ ಮಂದಿರ. ಇಪ್ಪತ್ತು ಇಪ್ಪತ್ತೈದು ಜನ ಇದ್ದೆವು. ನಾನು ಅಲ್ಲಿಯವರೆಗೆ ನನ್ನಂಥವರು ಪ್ರಪಂಚದಲ್ಲಿ ನಾನೊಬ್ಬಳೇ ಅಂದುಕೊಂಡಿದ್ದೆ. ಗಾಡಿಯಿಂದ ಇಳಿಸಿದಾಗ ವರಾಂಡದ ತುಂಬ ಊರುಗೋಲು, ಕಬ್ಬಿಣದ ಪಟ್ಟಿ, ಸಣ್ಣಗಾದ ಕಾಲುಗಳನ್ನು ನೋಡಿ ನನಗೆ ಮೊದಲು ಆಗಿದ್ದು ಸಮಾಧಾನವಲ್ಲ, ಅಸಹ್ಯ. ಸುಳ್ಳು ಯಾಕೆ ಹೇಳಲಿ.

ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ಒಬ್ಬ ವಿದೇಶಿ ಹೆಂಗಸು. ಎಲ್ಲರೂ ಮಿಸ್ಸಮ್ಮ ಎನ್ನುತ್ತಿದ್ದರು. ಅವರ ಕನ್ನಡ ಅಚ್ಚು ಹಾಕಿದ ಪುಸ್ತಕದಿಂದ ನೇರವಾಗಿ ಎದ್ದು ಬಂದಂತಿತ್ತು. ಬಕೆಟ್ ಕೇಳುವಾಗಲೂ ಶಾಸನ ಓದಿದ ಹಾಗೆ ಕೇಳುತ್ತಿದ್ದರು. ಬೆಳಗ್ಗೆ ಪ್ರಾರ್ಥನೆಯಲ್ಲಿ ಒಬ್ಬ ಕುಂಟ ಎದ್ದು ನಡೆದ ಕಥೆಯನ್ನು ಹೇಳುತ್ತಿದ್ದರು. ಕಥೆ ಮುಗಿದ ಮೇಲೆ ಎಲ್ಲರೂ ಕಣ್ಣು ಮುಚ್ಚಿ ತಲೆ ಬಗ್ಗಿಸುತ್ತಿದ್ದರು. ನಾನು ಮಾತ್ರ ಕಣ್ಣು ಬಿಟ್ಟು, ನನ್ನ ಎಡಗಾಲಿನ ಹೆಬ್ಬೆರಳು ಏನಾದರೂ ಅಲ್ಲಾಡುತ್ತದೆಯೇ ಅಂತ ನೋಡುತ್ತಿದ್ದೆ.

ಮಿಸ್ಸಮ್ಮ ಮೊದಲ ದಿನವೇ ಅಪ್ಪನ ಎದುರಿಗೆ ಕರಾರು ಹೇಳಿಬಿಟ್ಟರು. ಇಲ್ಲಿಯ ಕಬ್ಬಿಣದ ಕಾಲುಗಳು ಶಿಬಿರದವು, ಸುಲಭಕ್ಕೆ ಸಿಗುವಂಥವಲ್ಲ. ಹುಡುಗಿಗೆ ಒಂದನ್ನು ಕೊಡುತ್ತೇವೆ. ಕೊನೆಯ ದಿನ ಅವಳು ವರಾಂಡದಿಂದ ಬಾವಿಯವರೆಗೆ ಯಾರ ಕೈಯನ್ನೂ ಹಿಡಿಯದೆ ನಡೆದು ವಾಪಸು ಬಂದರೆ ಅದನ್ನು ಮನೆಗೆ ತೆಗೆದುಕೊಂಡು ಹೋಗಬಹುದು. ಆಗದಿದ್ದರೆ ಬೇರೆಯವರಿಗೆ ಬೇಕಾಗುತ್ತದೆ. ಅಪ್ಪ ತಲೆಯಾಡಿಸಿ, ನನ್ನ ಕಡೆ ನೋಡದೆ ಗಾಡಿ ಹತ್ತಿದರು. ಅವರು ಸೊಂಟಕ್ಕೆ ಕೈಯಿಟ್ಟುಕೊಂಡು ಬೆನ್ನನ್ನು ಹಿಂದಕ್ಕೆ ಬಾಗಿಸಿದ್ದನ್ನು ನಾನು ದೂರದಿಂದ ನೋಡಿದೆ. ಆ ಕಬ್ಬಿಣದ ಕಾಲು ನನಗೆ ಬೇಕೇ ಬೇಕು ಅಂತ ಆಗಲೇ ತೀರ್ಮಾನ ಮಾಡಿದೆ.

ಬೀರುವಿನಿಂದ ತೆಗೆದುಕೊಟ್ಟ ಆ ಕಾಲು ಹೊಸದಾಗಿರಲಿಲ್ಲ. ಎರಡು ಕಬ್ಬಿಣದ ಸರಳು, ತೊಡೆಗೆ ಒಂದು ತೊಗಲಿನ ಪಟ್ಟಿ, ಮಂಡಿಗೆ ಒಂದು, ಕೆಳಗೆ ದಪ್ಪ ಅಟ್ಟೆಯ ಕಪ್ಪು ಬೂಟು. ಮಂಡಿಯ ಹತ್ತಿರ ಒಂದು ಕೊಂಡಿ. ಅದು ಬಿದ್ದರೆ ಕಾಲು ನೆಟ್ಟಗೆ ನಿಲ್ಲುತ್ತದೆ, ಎತ್ತಿದರೆ ಮಡಚುತ್ತದೆ. ತೊಗಲಿನ ಮೇಲೆ ಬೇರೆ ಯಾರದೋ ಮಂಡಿಯ ಗುರುತು ಕೂತಿತ್ತು. ಬೂಟಿನೊಳಗೆ ಹೆಬ್ಬೆರಳಿನ ಜಾಗ ಮೊದಲೇ ತಗ್ಗಾಗಿತ್ತು. ನನ್ನ ಕಾಲು ಒಳಗೆ ಹೋದಾಗ, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತುಕೊಂಡಿತು. ಮಿಸ್ಸಮ್ಮನಿಗೆ ಬಹಳ ಸಂತೋಷವಾಯಿತು. 

ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಮಿಸ್ಸಮ್ಮನ ಕೈ. ವರಾಂಡದಲ್ಲಿ ನಾಲ್ಕು ಹೆಜ್ಜೆ ಇಟ್ಟೆ. ಕೊಂಡಿ ಟಕ್ ಅಂದಿತು, ಬೂಟು ನೆಲದ ಮೇಲೆ ಸರ್ ಅಂತ ಉಜ್ಜಿತು. ಟಕ್, ಸರ್. ಟಕ್, ಸರ್. ವರಾಂಡದಲ್ಲಿ ಮಾತಾಡುತ್ತಿದ್ದವರೆಲ್ಲ ನಿಲ್ಲಿಸಿದರು. ಹಳಬರೆಲ್ಲ ಒಟ್ಟಿಗೆ ತಲೆಯೆತ್ತಿ ನನ್ನ ಕಡೆ ನೋಡಿದರು. ಮುಖವನ್ನಲ್ಲ, ಕಾಲನ್ನು. ಅಡುಗೆಮನೆಯಲ್ಲಿ ಅಡುಗೆಯಮ್ಮ ಪಾತ್ರೆ ಉಜ್ಜುತ್ತಿದ್ದ ಸದ್ದೂ ನಿಂತುಹೋಯಿತು.

ನನ್ನ ಪಕ್ಕದ ಮಂಚದವಳು ಯಶವಂತಪುರದವಳು, ಇಪ್ಪತ್ತರ ಹತ್ತಿರದ ಹೆಂಗಸು. ಎರಡು ಕಾಲೂ ಇಲ್ಲದ ಲೆಕ್ಕ. ನಾಲ್ಕು ಚಕ್ರದ ಒಂದು ಹಲಗೆಯ ಮೇಲೆ ಕೂತು ಕೈಯಿಂದ ತಳ್ಳಿಕೊಂಡು ಓಡಾಡುತ್ತಿದ್ದಳು. ಎಲ್ಲರಿಗೂ ಅವಳು ಗಾಡಿಯಕ್ಕ. ಅವಳದೊಂದು ಆಟವಿತ್ತು. ಗೋಡೆಗೆ ಮುಖ ಮಾಡಿ ಕೂತು, ಹಿಂದೆ ಬರುವವರು ಯಾರು ಅಂತ ಸದ್ದಿನಿಂದಲೇ ಹೇಳುವುದು. ಒಂದು ದಿನವೂ ತಪ್ಪುತ್ತಿರಲಿಲ್ಲ. ಸರಿಯಾದ ಕಾಲಿನವರು ನಡೆದರೆ ಎಲ್ಲರದೂ ಒಂದೇ ಸದ್ದು, ನಮ್ಮದು ಒಬ್ಬೊಬ್ಬರದು ಒಂದೊಂದು. ಅಲ್ಲಿ ಯಾರೂ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಆದರೆ ನಾನು ಬಂದಾಗ ಮಾತ್ರ ಗಾಡಿಯಕ್ಕ ಆಟ ನಿಲ್ಲಿಸಿ ಸುಮ್ಮನೆ ಕೂತುಬಿಡುತ್ತಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ಒಂದು ಪದ್ಧತಿ. ಬೆವರಿಗೆ ತೊಗಲು ನೆನೆದು ಚರ್ಮ ಹುಣ್ಣಾಗಬಾರದು ಅಂತ ಎಲ್ಲರೂ ಪಟ್ಟಿ ಬಿಚ್ಚಬೇಕು. ಕಬ್ಬಿಣದ ಕಾಲುಗಳನ್ನು, ಊರುಗೋಲುಗಳನ್ನು ವರಾಂಡದ ಬೆಂಚಿನ ಮೇಲೆ ಸಾಲಾಗಿ ಇಡುತ್ತಿದ್ದರು. ಗಾಡಿಯಕ್ಕನ ಹಲಗೆಯೂ ಅಲ್ಲೇ. ಸಾಯಂಕಾಲದ ಹೊತ್ತಿಗೆ ಒಬ್ಬ ಮೇಸ್ತ್ರಿ ಬಂದು ತಿರುಪು ಬಿಗಿಸಿ ಎಣ್ಣೆ ಬಿಟ್ಟು ಹೋಗುತ್ತಿದ್ದ. ಅದನ್ನು ಎಲ್ಲರೂ ಕಾಲು ಬಿಚ್ಚಿಡುವ ಹೊತ್ತು ಎನ್ನುತ್ತಿದ್ದರು. ಮಿಸ್ಸಮ್ಮ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಎರಡು ಗಂಟೆ ಮಂಚದ ಮೇಲಿದ್ದ ನಮ್ಮಲ್ಲಿ ಎದ್ದು ನಡೆಯಬಲ್ಲವರು ಯಾರೂ ಇರುತ್ತಿರಲಿಲ್ಲ.

ಎರಡನೆಯ ದಿನ ಆ ಹೊತ್ತಿನಲ್ಲಿ ನಾನು ಮಂಚದ ಮೇಲೆ ಮಲಗಿದ್ದೆ. ಹೆಂಚಿನ ಕಾವು ಕೆಳಗಿಳಿಯುತ್ತಿತ್ತು. ಯಲಹಂಕದ ಕಡೆಯಿಂದ ಒಂದು ರೈಲು ಕೂಗಿ ಸುಮ್ಮನಾಯಿತು. ಆಮೇಲೆ ವರಾಂಡದಲ್ಲಿ ಕೇಳಿಸಿತು. ಟಕ್, ಸರ್. ಸ್ವಲ್ಪ ಹೊತ್ತು ಏನೂ ಇಲ್ಲ. ಟಕ್, ಸರ್. ಬೆಂಚಿನ ಕಡೆಯಿಂದ ಹೊರಟು, ನಮ್ಮ ಕಿಟಕಿಯ ಕೆಳಗೆ ಹಾದು, ನಿಧಾನವಾಗಿ ಅಡುಗೆಮನೆಯ ಕಡೆ ಹೋಯಿತು.

ಅದು ನನ್ನ ಕಾಲಿನ ಸದ್ದು. ನನ್ನ ಕಾಲು ಬೆಂಚಿನ ಮೇಲಿತ್ತು, ನಾನು ಮಂಚದ ಮೇಲಿದ್ದೆ. ತಲೆಯೆತ್ತಿ ಸುತ್ತ ನೋಡಿದೆ. ಎಲ್ಲ ಮಂಚಗಳಲ್ಲೂ ಎಲ್ಲರೂ ಇದ್ದರು. ಒಬ್ಬರೂ ನಿದ್ದೆ ಮಾಡುತ್ತಿರಲಿಲ್ಲ. ಎಲ್ಲರೂ ಕಣ್ಣು ಬಿಟ್ಟುಕೊಂಡು ಹೆಂಚು ನೋಡುತ್ತಾ ಅದನ್ನು ಕೇಳಿಸಿಕೊಳ್ಳುತ್ತಿದ್ದರು, ಪ್ರಾರ್ಥನೆಯಲ್ಲಿ ಕೇಳಿಸಿಕೊಳ್ಳುವುದಕ್ಕಿಂತ ಶ್ರದ್ಧೆಯಿಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಗಾಡಿಯಕ್ಕ ನನ್ನ ಕೈ ಹಿಡಿದು ಅದುಮಿದಳು. ಸದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿತು.

ಸಾಯಂಕಾಲ ಅವಳನ್ನು ಹಿಡಿದು ಕೂರಿಸಿ ಕೇಳಿದೆ. ಮೊದಲು ಏನೇನೋ ಹಾರಿಸಿದಳು. ಕೊನೆಗೆ ದನಿ ತಗ್ಗಿಸಿ, "ಹೋದ್ವರ್ಷ ಇದೇ ಸದ್ದು ಮಾಡ್ಕೊಂಡು ಒಬ್ಳು ಇಲ್ಲೆಲ್ಲ ಓಡಾಡ್ತಿದ್ಲು. ನಿನ್ನಷ್ಟೇ ಇದ್ಲು. ಅಡುಗೆಯಮ್ಮನ ಮಗಳು ಕಣೇ. ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಕೊಂಡು ಹೋಗ್ಬಿಟ್ಲು. ನೀನು ಹಾಕ್ಕೊಂಡಿರೋದು ಅವಳ ಕಾಲು," ಅಂದಳು.

ನಮ್ಮ ಮನೆಯಲ್ಲಿ ಸತ್ತವರ ಬಟ್ಟೆಯನ್ನು ಹೊಸಿಲು ದಾಟಿಸಿ ಒಳಗೆ ತರುತ್ತಿರಲಿಲ್ಲ. ತಾತ ಸತ್ತಾಗ ಅವರ ಮೆಟ್ಟನ್ನು, ಊರುಗೋಲನ್ನು ಅಜ್ಜಿ ತಾವೇ ಹೋಗಿ ಸುಡುಗಾಡಿನಲ್ಲಿ ಬಿಟ್ಟುಬಂದಿದ್ದರು. ಮೆಟ್ಟಿದ್ದು ಮನೆಯಲ್ಲಿದ್ದರೆ ಮೆಟ್ಟಿದವರು ಹುಡುಕಿಕೊಂಡು ಬರುತ್ತಾರೆ ಅನ್ನುವುದು ಅವರ ನಂಬಿಕೆ. ನಾನು ಇಡೀ ಕಾಲನ್ನೇ ಮೆಟ್ಟಿಕೊಂಡಿದ್ದೆ. ಮಾರನೆಯ ಬೆಳಗ್ಗೆ ಪಟ್ಟಿ ಕಟ್ಟಲು ಬಂದಾಗ ನಾನು ಕಾಲು ಕೊಡಲಿಲ್ಲ. ಚರ್ಮ ಉರಿಯುತ್ತದೆ ಅಂತ ಸುಳ್ಳು ಹೇಳಿದೆ. ಮಿಸ್ಸಮ್ಮ ಕಾಲನ್ನು ತಿರುಗಿಸಿ ಮುರುಗಿಸಿ ನೋಡಿ, ಹುಣ್ಣಿಲ್ಲವಲ್ಲ ಮಗುವೇ ಅಂದರು. ನಾನು ಅಪ್ಪ ಸೊಂಟ ಹಿಡಿದುಕೊಂಡು ಗಾಡಿ ಹತ್ತಿದ್ದನ್ನು ನೆನಪು ಮಾಡಿಕೊಂಡೆ. ಹಾಕಿ ಅಂದೆ.

ಹಾಕಿಕೊಂಡೆ, ಆದರೆ ನಡೆಯಲು ಬರಲಿಲ್ಲ. ಮಿಸ್ಸಮ್ಮ ಹೇಳಿಕೊಟ್ಟ ಹಾಗೆ ನೆಟ್ಟಗೆ ನಿಂತು, ಕಾಲನ್ನು ಎತ್ತಿ ಮುಂದಿಟ್ಟರೆ ಕೊಂಡಿ ಕಳಚಿಕೊಳ್ಳುತ್ತಿತ್ತು, ನಾನು ಮುಖ ಅಡಿಯಾಗಿ ಬೀಳುತ್ತಿದ್ದೆ. ಐದು ದಿನ ಹೀಗೇ ಆಯಿತು. ಗಲ್ಲ ಒಡೆಯಿತು, ಮೊಣಕೈ ತರಚಿತು. ಮಧ್ಯಾಹ್ನವಾದರೆ ಅದೇ ಕಾಲು, ನಾನಿಲ್ಲದೆ, ವರಾಂಡದಲ್ಲಿ ಒಮ್ಮೆಯೂ ತಪ್ಪದೆ ನಡೆಯುತ್ತಿತ್ತು. ಹೆದರಿಕೆಯ ಜೊತೆಗೆ ನನಗೆ ಹೊಟ್ಟೆಕಿಚ್ಚೂ ಶುರುವಾಯಿತು. ಸತ್ತವಳಿಗೆ ಬರುವುದು ನನಗೆ ಯಾಕೆ ಬರುವುದಿಲ್ಲ?

ಏಳನೆಯ ದಿನ ಮಧ್ಯಾಹ್ನ ಸದ್ದು ಶುರುವಾದ ಕೂಡಲೇ ನಾನು ಮಂಚದಿಂದ ಕೆಳಗಿಳಿದೆ. ಗಾಡಿಯಕ್ಕ ಸೆರಗು ಹಿಡಿದ ಹಾಗೆ ನನ್ನ ಲಂಗ ಹಿಡಿದು ಎಳೆದಳು, ಬಿಡಿಸಿಕೊಂಡೆ. ತೆವಳುವುದರಲ್ಲಿ ನನ್ನನ್ನು ಮೀರಿಸುವವರು ಅಲ್ಲಿ ಯಾರೂ ಇರಲಿಲ್ಲ. ಎಂಟು ವರ್ಷದ ಅಭ್ಯಾಸ. ಬಾಗಿಲ ಹತ್ತಿರ ಹೋಗಿ, ನೆಲಕ್ಕೆ ಕೆನ್ನೆ ಒತ್ತಿ ವರಾಂಡ ನೋಡಿದೆ.

ಅಡುಗೆಯಮ್ಮ ಮಂಡಿಯೂರಿ ಕೂತಿದ್ದಳು. ನಲವತ್ತು ದಾಟಿದ, ಬಡಕಲು ಮೈಯ ಹೆಂಗಸು. ಎಡಗೈಯಲ್ಲಿ ಕಬ್ಬಿಣದ ಕಾಲಿನ ತೊಡೆಯ ಪಟ್ಟಿ ಹಿಡಿದಿದ್ದಳು. ಬಲಗೈಯನ್ನು ಮೊಣಕೈಯವರೆಗೆ ಒಳಗೆ ತೂರಿಸಿ ಬೂಟನ್ನು ಹಿಡಿದಿದ್ದಳು. ಕೊಂಡಿ ಬೀಳಿಸಿದಳು, ಟಕ್. ಬೂಟು ಎಳೆದಳು, ಸರ್. ಆಮೇಲೆ ತಾನು ಮಂಡಿಯ ಮೇಲೆ ಒಂದು ಹೆಜ್ಜೆ ಸರಿದು ಅದರ ಪಕ್ಕಕ್ಕೆ ಬಂದಳು. ಮತ್ತೆ ಟಕ್. ಕಣ್ಣು ಮುಚ್ಚಿದ್ದವು. ಉರಿಬಿಸಿಲು ವರಾಂಡದ ಅರ್ಧದವರೆಗೆ ಬಿದ್ದಿತ್ತು, ಆ ಬಿಸಿಲಿನಲ್ಲಿ ಒಂದು ಕಾಲು, ಮೇಲೆ ಯಾರೂ ಇಲ್ಲದೆ, ಅವಳ ಜೊತೆ ನಡೆಯುತ್ತಿತ್ತು. ಅಡುಗೆಮನೆಯ ಹೊಸಿಲ ಹತ್ತಿರ ನಿಲ್ಲಿಸಿ ಅವಳು ಅದಕ್ಕೆ, "ಬಂದ್ಯಾ?" ಅಂದಳು. ಹೊಟ್ಟೆ ಹಸಿದು ಬಂದ ಮಗುವನ್ನು ಕೇಳುವ ಹಾಗೆ, ಮಾಮೂಲಾಗಿ.

ದೆವ್ವವನ್ನು ನೋಡಿದ್ದರೆ ನಾನು ಕೂಗಿಕೊಳ್ಳುತ್ತಿದ್ದೆ. ಅದು ದೆವ್ವ ಅಲ್ಲದೆ ಇದ್ದುದಕ್ಕೇ ನನ್ನ ದನಿ ಹೊರಡಲಿಲ್ಲ.

ಅವಳು ಕಣ್ಣು ಬಿಟ್ಟಳು, ನನ್ನನ್ನು ನೋಡಿದಳು. ನಾಚಲಿಲ್ಲ, ಅಳಲಿಲ್ಲ, ಮುಚ್ಚಿಡಲಿಲ್ಲ. ಮೂಗು ಒರೆಸಿಕೊಂಡು, ಬಾ ಅಂತ ಕೈ ಮಾಡಿದಳು. ತೆವಳಿಕೊಂಡು ಹೋದೆ. ನನ್ನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಪಟ್ಟಿ ಕಟ್ಟಿದಳು. ಮಿಸ್ಸಮ್ಮ ಕಟ್ಟುವುದಕ್ಕಿಂತ ಎರಡು ರಂಧ್ರ ಬಿಗಿಯಾಗಿ. ಆಮೇಲೆ ನನ್ನನ್ನು ಎತ್ತಿ ನಿಲ್ಲಿಸಿ, ಸೊಂಟಕ್ಕೆ ತನ್ನ ಅಂಗೈ ಕೊಟ್ಟಳು.

"ನೀನು ಎತ್ತಿ ಇಕ್ತೀಯ. ಅಂಗಲ್ಲ ಕಣವ್ವ. ಸೊಂಟದಿಂದ ಬೀಸಿ ಎಳೀಬೇಕು. ಮೊದ್ಲು ಟಕ್ ಅನ್ಬೇಕು, ಅದುನ್ನ ಕೇಳುಸ್ಕಂಡು ಆಮ್ಯಾಕೆ ಮೈ ಬುಡು," ಅಂದಳು.

ಹಾಗೇ ಮಾಡಿದೆ. ಬೀಳಲಿಲ್ಲ. ಇನ್ನೊಂದು ಹೆಜ್ಜೆ, ಮತ್ತೊಂದು. ಮೈ ಸ್ವಲ್ಪ ಎಡಕ್ಕೆ ಓಲಬೇಕಿತ್ತು, ಎಡಭುಜ ಒಂಚೂರು ಇಳಿಯಬೇಕಿತ್ತು. ತಪ್ಪಿದಾಗಲೆಲ್ಲ ಅವಳ ಅಂಗೈ ತಿದ್ದುತ್ತಿತ್ತು. ಉಳಿದ ದಿನಗಳೆಲ್ಲ ಮಧ್ಯಾಹ್ನ ಇದೇ ಪಾಠ. ಕಿಟಕಿಯ ಒಳಗೆ ಎಲ್ಲರೂ ಮಲಗಿಕೊಂಡು ಕೇಳಿಸಿಕೊಳ್ಳುತ್ತಿದ್ದರು. ಅವಳು ನನಗೆ ನಡೆಯುವುದನ್ನು ಕಲಿಸುತ್ತಿಲ್ಲ, ತನ್ನ ಮಗಳಂತೆ ನಡೆಯುವುದನ್ನು ಕಲಿಸುತ್ತಿದ್ದಾಳೆ ಅಂತ ನನಗೆ ಎರಡನೆಯ ದಿನವೇ ಗೊತ್ತಾಯಿತು. ಗೊತ್ತಾದರೂ ಸುಮ್ಮನಿದ್ದೆ. ನನಗೆ ಬೇಕಾಗಿದ್ದುದು ಕಾಲು. ಇವತ್ತಿಗೂ ನಾನು ನಡೆಯುವುದು ಹಾಗೇ, ಎಡಭುಜ ಇಳಿಸಿಕೊಂಡು. ನಾನು ಒಮ್ಮೆಯೂ ನೋಡದ ಒಬ್ಬ ಹುಡುಗಿಯ ನಡಿಗೆ ಅದು.

ಕೊನೆಯ ದಿನ ಅಪ್ಪನ ಎದುರಿಗೆ ವರಾಂಡದಿಂದ ಬಾವಿಯವರೆಗೆ ನಡೆದೆ, ವಾಪಸು ಬಂದೆ. ಮಿಸ್ಸಮ್ಮ ದೇವರಿಗೆ ಸ್ತೋತ್ರ ಅಂದರು. ಅಪ್ಪ ಮುಖ ತಿರುಗಿಸಿಕೊಂಡು ಎತ್ತಿನ ಕೊರಳಿನ ಹಗ್ಗವನ್ನು ಸುಮ್ಮನೆ ಬಿಚ್ಚಿ ಕಟ್ಟಿದರು. ನಾನು ಬರುವಾಗಲೂ ಹೋಗುವಾಗಲೂ ಅಡುಗೆಯಮ್ಮ ಬಾವಿಯ ಕಟ್ಟೆಯ ಹತ್ತಿರ ನನಗೆ ಬೆನ್ನು ಹಾಕಿ ನಿಂತಿದ್ದಳು. ನೋಡಿದರೆ ನಾನು ಕಾಣುತ್ತೇನೆ, ನೋಡದಿದ್ದರೆ ಅವಳ ಮಗಳು.

ಹೊರಡುವ ಮೊದಲು ಅವಳು ನನ್ನ ಕಾಲ ಹತ್ತಿರ ಕೂತು, ಬೂಟಿನ ದಾರ ಕಟ್ಟುವ ನೆಪದಲ್ಲಿ ಮೆಲ್ಲಗೆ, "ಆ ಮಂಡಿ ಕೊಂಡಿಗೆ ಮಾತ್ರ ಎಣ್ಣೆ ಬುಡಬ್ಯಾಡ ಕಣವ್ವ. ಇಲ್ಲೂ ನಾನು ಮೇಸ್ತ್ರಿ ಕೈಲಿ ಮುಟ್ಟುಸಿಲ್ಲ. ಬರೋ ಬ್ಯಾಸ್ಗೆಗೆ ಇಂಗೇ ಸದ್ದು ಮಾಡ್ಕಂಡು ಬಾ. ಅಷ್ಟೇ ಸಾಕು ನಂಗೆ," ಅಂದಳು. ಆಗಲಿ ಅಂತ ಅವಳ ಕೈ ಮುಟ್ಟಿ ಹೇಳಿದೆ. ತನ್ನ ಹತ್ತಿರ ಇದ್ದ ಒಂದೇ ಒಂದನ್ನು ಅವಳು ಕೊಡುತ್ತಿದ್ದಳು, ನನ್ನ ಕಣ್ಣು ಗೇಟಿನ ಕಡೆ ಇತ್ತು.

ಆ ಕಾಲು ಯಾರದೆಂದು ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಯಲಹಂಕದ ಸ್ಕೂಲಿಗೆ ಸೇರಿಸಿದರು. ಅಪ್ಪ ಗಾಡಿಯಲ್ಲಿ ಬಿಟ್ಟರೆ ಒಳಗೆ ನಾನೇ ನಡೆದುಹೋಗುತ್ತಿದ್ದೆ. ಹುಡುಗಿಯರು ನನ್ನ ಸದ್ದು ಕೇಳಿದ ಕೂಡಲೇ ಕೂತಲ್ಲೇ ಟಕ್, ಸರ್ ಅನ್ನುತ್ತಿದ್ದರು. ಅದನ್ನು ತಡೆದುಕೊಳ್ಳಬಹುದಿತ್ತು. ತಡೆಯಲಾಗದೆ ಇದ್ದುದು ಮನೆ. ಎಲ್ಲರೂ ಹೊಲಕ್ಕೆ ಹೋದ ಮೇಲೆ ಒಬ್ಬಳೇ ನಡುಮನೆಯಲ್ಲಿ ನಡೆಯುವಾಗ, ಕೆಲವು ಸಲ ನಾನು ಹೆಜ್ಜೆ ಇಡುವುದಕ್ಕಿಂತ ಒಂದು ಕ್ಷಣ ಮೊದಲೇ ಸದ್ದು ಬಂದಂತೆ ಅನ್ನಿಸುತ್ತಿತ್ತು. ನಿಂತರೆ ನಿಲ್ಲುತ್ತಿತ್ತು. ಒಂದು ದಿನ ಅಜ್ಜಿ ಒಲೆಯ ಮುಂದೆ ಕೂತವರು ತಿರುಗಿ ನನ್ನನ್ನೇ ಬಹಳ ಹೊತ್ತು ನೋಡಿದರು.

"ನೀನು ನಡೆದ್ರೆ ಇನ್ನ್ಯಾರೋ ನಡ್ಕಂಡು ಬಂದಂಗೆ ಕೇಳುಸ್ತದಲ್ಲೇ," ಅಂದರು.

ಆ ರಾತ್ರಿ ನಾನು ಊಟ ಮಾಡಲಿಲ್ಲ. ಮಾರನೆಯ ದಿನ ಅಪ್ಪನಿಗೆ, ಮಂಡಿ ಹಿಡಿದುಕೊಳ್ಳುತ್ತದೆ, ರಿಪೇರಿ ಮಾಡಿಸಿ ಅಂದೆ. ಅವರು ಯಲಹಂಕದ ಸೈಕಲ್ ಶಾಪಿಗೆ ಕರೆದುಕೊಂಡು ಹೋದರು. ಅಂಗಡಿಯ ಸಾಬರು ಒಳ್ಳೆಯ ಕೆಲಸಗಾರರು. ಕೊಂಡಿಯ ಸವೆದ ಪಿನ್ನು ತೆಗೆದು ಹೊಸದು ಹಾಕಿದರು, ಗ್ರೀಸ್ ತುಂಬಿದರು, ಬೂಟು ಜಾರಬಾರದು ಅಂತ ಅಟ್ಟೆಗೆ ಟಯರಿನ ತುಂಡು ಹೊಡೆದುಕೊಟ್ಟರು. ನಾನು ಅಂಗಡಿಯಿಂದ ಗಾಡಿಯವರೆಗೆ ನಡೆದೆ. ಏನೂ ಕೇಳಿಸಲಿಲ್ಲ. ಮಾತು ಕೊಟ್ಟದ್ದು ನೆನಪಿರಲಿಲ್ಲ ಅಂತ ಹೇಳಬಹುದು, ಆದರೆ ನೆನಪಿತ್ತು. ನೆನಪಿದ್ದೂ ನನಗೆ ಆ ದಿನ ಆದಷ್ಟು ಸಂತೋಷ ಜೀವನದಲ್ಲಿ ಕೆಲವೇ ಸಲ ಆಗಿದೆ. ಮೊದಲ ಸಲ ನಾನು ಒಬ್ಬಳೇ ನಡೆಯುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ಮಿಸ್ಸಮ್ಮನಿಂದ ಕಾಗದ ಬಂತು, ಬಾ ಅಂತ. ಹೋಗುವುದಿಲ್ಲ ಅನ್ನುವ ಧೈರ್ಯ ನನಗಿರಲಿಲ್ಲ. ದಾರಿಯುದ್ದಕ್ಕೂ ಅಡುಗೆಯಮ್ಮನಿಗೆ ಹೇಳಬೇಕಾದ ಸುಳ್ಳುಗಳನ್ನು ಜೋಡಿಸಿಕೊಂಡೆ. ಕೊಂಡಿ ತಾನಾಗಿಯೇ ಮುರಿಯಿತು ಅನ್ನಲೇ, ಅಪ್ಪ ನನ್ನನ್ನು ಕೇಳದೆ ಮಾಡಿಸಿದರು ಅನ್ನಲೇ. ಅಪ್ಪ ನನ್ನನ್ನು ಗೇಟಿನ ಹತ್ತಿರ ಇಳಿಸಿ, ಹಾಸಿಗೆಯ ಸುರುಳಿ ಎತ್ತಿಕೊಂಡು ಆಫೀಸಿನ ಕಡೆ ಹೋದರು.

ವರಾಂಡದಲ್ಲಿ ಗಾಡಿಯಕ್ಕ ಗೋಡೆಗೆ ಮುಖ ಮಾಡಿ ಆಟ ಆಡುತ್ತಿದ್ದಳು. ನಾನು ಅವಳ ಹಿಂದೆ ಹೋಗಿ ನಿಂತೆ. ಯಾವುದೋ ಕೋಲಿನ ಸದ್ದು, ಯಾರೋ ಹೊಸಬರು ಅಂದಳು. ಜೀವನದಲ್ಲಿ ಮೊದಲ ಸಲ ತಪ್ಪಿದಳು. ತಿರುಗಿ ನನ್ನನ್ನು ನೋಡಿ ನಗು ತಂದುಕೊಂಡಳು, ಆಮೇಲೆ ಅವಳ ಕಣ್ಣು ನನ್ನ ಮಂಡಿಯ ಮೇಲೆ, ಬೂಟಿನ ಮೇಲೆ ಇಳಿಯಿತು. ನಗು ಹೋಯಿತು. ಅಡುಗೆಯಮ್ಮ ಬೆಳಗ್ಗೆಯಿಂದ ಬಾವಿಯ ಹತ್ತಿರವೇ ಕೂತಿದ್ದಾಳೆ, ಒಳಗೆ ಬಾ ಅಂದರೂ ಬರುತ್ತಿಲ್ಲ ಅಂತ ಮಾತ್ರ ಹೇಳಿದಳು.

ಅಡುಗೆಮನೆಯ ಹಿಂದಕ್ಕೆ ಹೋದೆ. ಅವಳು ಬಾವಿಯ ಕಟ್ಟೆಯ ಮೇಲೆ ನನಗೆ ಬೆನ್ನು ಹಾಕಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಒಂದು ವರ್ಷದಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೊಸ ಸೀರೆ ಉಟ್ಟಿದ್ದಳು. ವರಾಂಡದಲ್ಲಿ ಯಾರಾದರೂ ನಡೆದರೆ ಅವಳ ಕೈ ಅಕ್ಕಿಯ ಮೇಲೆ ನಿಲ್ಲುತ್ತಿತ್ತು, ತಲೆ ಒಂಚೂರು ಓರೆಯಾಗುತ್ತಿತ್ತು, ಆಮೇಲೆ ಕೈ ಮತ್ತೆ ಆಡುತ್ತಿತ್ತು. ನಾನು ಅವಳು ಕಲಿಸಿದ ಹಾಗೆಯೇ, ಸೊಂಟದಿಂದ ಬೀಸಿ, ಎಡಭುಜ ಇಳಿಸಿ ನಡೆದು ಅವಳ ಬೆನ್ನ ಹಿಂದೆ ಎರಡು ಮಾರು ದೂರಕ್ಕೆ ಬಂದೆ. ಅವಳ ಕೈ ನಿಲ್ಲಲಿಲ್ಲ. ಕೋಲು ಕಲ್ಲಿಗೆ ತಾಗಿದಾಗ ಮಾತ್ರ ಹಿಂದೆ ಯಾರೋ ಇದ್ದಾರೆ ಅಂತ ಅವಳಿಗೆ ಗೊತ್ತಾಯಿತು.

ತಿರುಗಿ ನೋಡದೆಯೇ, "ಯಾರವ್ವ ಅದು? ವಸಿ ಅಂಗೇ ನಿಂತ್ಕ, ಸದ್ದು ಮಾಡಬ್ಯಾಡ. ನನ್ನ ಮಗ್ಳು ಬರೋ ಹೊತ್ತು," ಅಂದಳು.

ನಾನು ಅಲ್ಲೇ ನಿಂತೆ.